ಚರಂಡಿಯಲ್ಲಿ ಸಿಕ್ಕ ನಲವತ್ತೊಂದನೇ ನಂಬರು

"ತೂತಿಲ್ಲ," ಎಂದಳು ಲ್ಯಾಬಿನ ಸಹಾಯಕಿ ನಾನುಲಿ.

ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ತಿರುಗಿಸಿದಳು. "ಒಂದೂ ಇಲ್ಲ, ಕಲ್ಬತೋನೊ ಮಕ್ವಲಾ. ಬೇಕಾದ್ರೆ ನೀವೇ ನೋಡಿ." ಜಾರ್ಜಿಯದಲ್ಲಿ ಹೆಂಗಸರಿಗೆ ಕಲ್ಬತೋನೊ, ಗಂಡಸರಿಗೆ ಬತೋನೊ ಎಂದು ಮರ್ಯಾದೆ ಕೊಟ್ಟೇ ಮಾತು.

ಪೊಲೀಸ್ ತನಿಖಾಧಿಕಾರಿ ಮಕ್ವಲಾ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದಳು. ಅಂಗೈಯಗಲದ ತಟ್ಟೆ. ಅದರ ತುಂಬ ತಣ್ಣಗಾದ ಗಂಜಿಯ ಕೆನೆಯಂತೆ ಹಬ್ಬಿದ ಹಸಿರುಮಬ್ಬು ಪದರ. ಅದು ಅವಳ ತಂಗಿ ಲಮಾರಾಳ ಬೆನ್ನಿನ ಗಾಯದಿಂದ ತಂದು ಬೆಳೆಸಿದ ಬ್ಯಾಕ್ಟೀರಿಯಾ. ನಿನ್ನೆ ಅದರ ಮೇಲೆ ಒಂಬತ್ತು ಕಡೆ ಫೇಜ್ ಹನಿ ಬಿಟ್ಟಿದ್ದರು. ಫೇಜ್ ಎಂದರೆ ಬ್ಯಾಕ್ಟೀರಿಯಾದ ಹೊಟ್ಟೆ ಹೊಕ್ಕು, ಅಲ್ಲೇ ಮರಿ ಹಾಕಿ, ಅದನ್ನು ಒಡೆದುಕೊಂಡು ಹೊರಬರುವ ವೈರಸ್. ಅದು ಕೆಲಸ ಮಾಡಿದ್ದರೆ ಹನಿ ಬಿದ್ದ ಕಡೆಯೆಲ್ಲ ಪದರ ಕರಗಿ ಕೆಳಗಿನ ಗಾಜು ಕಾಣಬೇಕಿತ್ತು.

ಗಾಜು ಕಾಣಲಿಲ್ಲ.

ಹತ್ತು ದಿನಗಳಲ್ಲಿ ಸುಟ್ಟಗಾಯದ ವಾರ್ಡಿನಲ್ಲಿ ಮೂವರು ಸತ್ತಿದ್ದರು. ಮೂವರಿಗೂ ಅವ್ಲಬಾರಿ ಬಡಾವಣೆಯ ಈ ಸೀರಮ್ ಪ್ರಯೋಗಾಲಯದ ಫೇಜನ್ನೇ ಕೊಟ್ಟಿದ್ದರು. ಅದನ್ನು ತಯಾರಿಸಿದ ಎಪ್ಪತ್ತನಾಲ್ಕರ ಮುದುಕ ವರ್ಲಾಮ್‌ನನ್ನು ಸೋಮವಾರ ಮಕ್ವಲಾಳೇ ಲಾಕಪ್ಪಿಗೆ ಹಾಕಿಸಿದ್ದಳು.

"ಅಂದ್ರೆ ಶೀಷೆಯಲ್ಲಿರೋದು ಬರೀ ನೀರು," ಎಂದಳು ಮಕ್ವಲಾ. "ನಾನು ಅಂದುಕೊಂಡಿದ್ದೇ ಸರಿ."

"ತಡೀರಿ. ಅವಸರ ಮಾಡ್ಬೇಡಿ."

ನಾನುಲಿ ಶಾಲಿನೊಳಗಿಂದ ಇನ್ನೊಂದು ತಟ್ಟೆ ತೆಗೆದಳು. ಕರೆಂಟಿಲ್ಲದೆ ಲ್ಯಾಬಿನ ಶಾಖಪೆಟ್ಟಿಗೆ ಸತ್ತುಹೋಗಿ ಎರಡು ತಿಂಗಳಾಗಿತ್ತು. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಕಾವು ಈ ಚಳಿಗಾಲದ ತ್ಬಿಲಿಸಿಯಲ್ಲಿ ಮನುಷ್ಯರ ಮೈಯಲ್ಲಿ ಮಾತ್ರ ಉಳಿದಿತ್ತು. ತಟ್ಟೆಗಳನ್ನು ಉಣ್ಣೆಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ಮಲಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಎರಡನೇ ತಟ್ಟೆಯಲ್ಲಿ ಒಂಬತ್ತು ತೂತುಗಳಿದ್ದವು. ತೊಳೆದಷ್ಟು ಸ್ವಚ್ಛ.

"ಇದ್ಯಾವ ಕ್ರಿಮಿ?"

"ಜನವರಿ ಹನ್ನೊಂದಕ್ಕೆ ವಾರ್ಡಿನವರು ನಮಗೆ ಕಳಿಸಿದ್ದು. 'ನಮ್ಮ ರೋಗಿಗಳಲ್ಲಿರೋದು ಇದೇ, ಇದಕ್ಕೆ ತಕ್ಕ ಫೇಜ್ ಕೊಡಿ' ಅಂತ. ಗುರುಗಳು ಹುಡುಕಿ ಕೊಟ್ಟರು. ಅದೇ ಶೀಷೆ, ಅದೇ ಹನಿ. ಇಲ್ಲಿ ನುಂಗಿ ನೀರು ಕುಡಿದಿದೆ. ನಿಮ್ಮ ತಂಗಿಯ ಕ್ರಿಮಿನ ಮೂಸಿಯೂ ನೋಡಿಲ್ಲ."

ಮಕ್ವಲಾ ಸ್ಟೂಲಿನ ಮೇಲೆ ಕುಳಿತಳು. ಒಂದು ಬೀಗಕ್ಕೆ ಒಂದೇ ಕೀಲಿಕೈ ಎಂದು ಮುದುಕ ವಿಚಾರಣೆಯಲ್ಲಿ ಹತ್ತು ಸಲ ಹೇಳಿದ್ದ. ಅವಳು ಹತ್ತು ಸಲವೂ ಬರೆದುಕೊಂಡಿದ್ದಳು, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

"ಆ ದಿನ ಕ್ರಿಮಿ ಬಂದ ಕೊಳವೆ ಇದೆಯಾ?"

ಇತ್ತು. ಗಾಜಿನ ಕೊಳವೆ, ಬಾಯಿಗೆ ಹತ್ತಿಯ ಬಿರಟೆ, ಹೊಟ್ಟೆಯ ಮೇಲೆ ನೇರಳೆ ಶಾಯಿಯ ಚೀಟಿ. ಒಳಗೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ. ಮಕ್ವಲಾ ಅದನ್ನು ಬೆಳಕಿಗೆ ಹಿಡಿದಳು. ಜೆಲ್ಲಿ ಸುಕ್ಕುಗಟ್ಟಿ, ಅಂಚು ಬಿಟ್ಟು, ಮುದುಕಿಯ ಒಸಡಿನಂತೆ ಒಳಕ್ಕೆ ಸರಿದಿತ್ತು.

"ಹೊಸದು ಹೀಗಿರುತ್ತಾ?"

ನಾನುಲಿ ಕೊಳವೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಕಿಟಕಿಗೆ ಹಿಡಿದು ಎರಡು ಸಲ ತಿರುಗಿಸಿದಳು.

"ಇಲ್ಲ," ಎಂದಳು. "ಇಷ್ಟು ಒಣಗಬೇಕಾದ್ರೆ ಕಮ್ಮಿ ಅಂದ್ರೂ ನಾಲ್ಕು ತಿಂಗಳು."

"ಬಂದ ದಿನ ಕಾಣಲಿಲ್ವಾ?"

"ಗುರುಗಳ ಕಣ್ಣಿಗೆ ಪೊರೆ. ಚಿಮಣಿ ಬೆಳಕಲ್ಲಿ ಚೀಟಿ ಓದಿದ್ದು ನಾನೇ. ನೋಡಬೇಕಿತ್ತು, ನೋಡಲಿಲ್ಲ. ಆ ವಾರ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ." ಅವಳ ದನಿ ಕುಗ್ಗಿತು. "ಅಂದ್ರೆ... ಆ ಮೂವರಿಗೂ ಸರಿಯಾದ ಫೇಜ್ ಸಿಕ್ಕೇ ಇಲ್ವಾ? ಒಂದು ದಿನವೂ?"

"ಇಲ್ಲ."

"ದೇವರೇ," ಎಂದಳು ನಾನುಲಿ.

ಮಕ್ವಲಾ ಕೆಟಲಿನ ಮೂತಿಗೆ ಕೊಳವೆ ಹಿಡಿದು, ಆವಿಯಲ್ಲಿ ಚೀಟಿ ನೆನೆಯುವವರೆಗೆ ಕಾದಳು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಅದರಡಿಯಲ್ಲಿ ಇನ್ನೊಂದು ಚೀಟಿ ಇತ್ತು. ಬೇರೆ ಹೆಸರು. ಸೆಪ್ಟೆಂಬರ್ ಇಪ್ಪತ್ತು. ಎರಡರಲ್ಲೂ ಒಂದೇ ಕೈಬರಹ.

ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವಳನ್ನು ನಾನುಲಿ ಬಾಗಿಲಲ್ಲಿ ತಡೆದಳು.

"ವಾರ್ಡಿನ ಚರಂಡಿ ನೀರು ತನ್ನಿ. ಒಂದು ದೊಡ್ಡ ಜಾಡಿ ತುಂಬ. ಕ್ರಿಮಿ ಎಲ್ಲಿ ಬೆಳೆಯುತ್ತೋ ಅದನ್ನ ತಿನ್ನೋದೂ ಅಲ್ಲೇ ಎಲ್ಲೋ ಇರುತ್ತೆ."

"ಯಾವ ಚರಂಡಿ?"

"ಪಟ್ಟಿ ತೊಳೀತಾರಲ್ಲ, ಆ ಕೋಣೇದು. ಅಲ್ಲಿಂದಲೇ ತನ್ನಿ. ಬೇರೆ ಕಡೇದು ಬೇಡ."

*

ಟ್ರಾಲಿಬಸ್ಸುಗಳು ತಂತಿಗೆ ನೇತುಬಿದ್ದು ನಿಂತಲ್ಲೇ ನಿಂತಿದ್ದವು. ಮಕ್ವಲಾ ನಡೆದಳು. ಸೇತುವೆ, ಬ್ರೆಡ್ಡಿನ ಸಾಲು, ಮತ್ತೊಂದು ಬ್ರೆಡ್ಡಿನ ಸಾಲು, ಬುಡಕ್ಕೆ ಕಡಿದ ಚಿನಾರ್ ಮರಗಳ ಬೀದಿ. ಮುಕ್ಕಾಲು ಗಂಟೆ.

ಊರಿನಲ್ಲಿ ಬೆಚ್ಚಗಿದ್ದ ಆಸ್ಪತ್ರೆ ವಾರ್ಡು ಅದೊಂದೇ. ನಡುವೆ ತಗಡಿನ ಒಲೆ. ಕಿಟಕಿಯಿಂದ ಹೊರಗೆ ಚಾಚಿದ ಹೊಗೆಕೊಳವೆ. ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು. ಹುಳಿಯೇರಿದ ದ್ರಾಕ್ಷಿಯ ವಾಸನೆ.

"ಅಕ್ಕಾ," ಎಂದಳು ಲಮಾರಾ. ಬೋರಲು ಮಲಗಿದ್ದಳು, ಕೆನ್ನೆ ದಿಂಬಿಗೆ ಒತ್ತಿತ್ತು. "ಹತ್ತಿರ ಬಾ, ನನ್ನ ಮೂಸು. ಕಖೇತಿಯ ಚಿಕ್ಕಪ್ಪನ ನೆಲಮಾಳಿಗೆ ಜ್ಞಾಪಕ ಬರಲ್ವಾ?"

"ಸುಮ್ನಿರೇ."

"ನಿಜ ಹೇಳ್ತೀನಿ. ಹೊಸ ವೈನಿನ ಹಂಡೆ ಮುಚ್ಚಳ ತೆಗೆದ ಹಾಗೆ. ಚಿಕ್ಕಪ್ಪ ಇದ್ದಿದ್ರೆ ಒಂದು ಲೋಟ ಬಗ್ಗಿಸಿಕೊಂಡು ನನ್ನ ಆಯುಷ್ಯಕ್ಕೇ ಕುಡೀತಿದ್ದ."

ಮಕ್ವಲಾ ನಗಲು ಹೋಗಿ ಸೋತಳು. ಲಮಾರಾ ಭೂಗೋಳದ ಟೀಚರು. ಹದಿನಾರು ದಿನಗಳ ಹಿಂದೆ ಸೀಮೆಎಣ್ಣೆ ಸ್ಟೌವ್ ಸಿಡಿದಾಗ ಬೀನ್ಸ್ ಬೇಯಿಸುತ್ತಿದ್ದಳು. ಹಣೆ ಮುಟ್ಟಿದರೆ ಅಂಗೈ ಸುಡುತ್ತಿತ್ತು.

"ಅಲ್ಲಿ ನೋಡು ಆ ಪುಣ್ಯವಂತನ್ನ," ಎಂದು ಲಮಾರಾ ಕಣ್ಣಿನಲ್ಲೇ ತೋರಿಸಿದಳು. ಎರಡನೇ ಮಂಚದಲ್ಲಿ ಮುಖಕ್ಕೆಲ್ಲ ಪಟ್ಟಿ ಸುತ್ತಿದ ಗಂಡಸೊಬ್ಬ ಎದ್ದು ಕುಳಿತು ಚಹಾ ಕುಡಿಯುತ್ತಿದ್ದ. "ನಮಗಿಂತ ಮುಂಚೆ ಕೀವು ತುಂಬಿ ಹಸಿರಾಗಿದ್ದೋನು. ಈಗ ಗಾಯ ಕೆಂಪಗೆ ತುಂಬ್ಕೊಳ್ತಿದೆಯಂತೆ. ಯಾರ ಹರಕೆಯೋ. ಅಕ್ಕಾ, ನನಗೆ ನಿಜ ಹೇಳು. ನಾನೂ..."

"ನೀನೂ ಎದ್ದು ಕೂರ್ತೀಯ."

"ನೀನು ಪೊಲೀಸು. ಸುಳ್ಳು ಹೇಳೋಕೆ ಬರಲ್ಲ ನಿನಗೆ," ಎಂದು ಲಮಾರಾ ಕಣ್ಣು ಮುಚ್ಚಿದಳು.

*

ವಾರ್ಡಿನ ಮುಖ್ಯಸ್ಥ ಡಾಕ್ಟರ್ ಜುಂಬೆರ್ ಪಟ್ಟಿ ಕಟ್ಟುವ ಕೋಣೆಯಲ್ಲಿ ಒಂದು ಕುರ್ಚಿಯನ್ನು ಮುರಿಯುತ್ತಿದ್ದ. ಅರುವತ್ತರ ಆಳು, ಬಿಳಿ ಕೋಟಿನ ಮೇಲೆ ಉಣ್ಣೆಕೋಟು. ಕಾಲಿನ ಕೆಳಗೆ ಕುರ್ಚಿ ಒತ್ತಿ ಹಿಡಿದು ಒಂದೊಂದೇ ಕಾಲು ಕಿತ್ತು ಒಲೆಗೆ ಹಾಕುತ್ತಿದ್ದ.

ಮಕ್ವಲಾ ಬಾಗಿಲು ಹಾಕಿ ಕೊಳವೆಯನ್ನು ಮೇಜಿನ ಮೇಲಿಟ್ಟಳು.

"ಬತೋನೊ ಜುಂಬೆರ್, ಈ ಅಕ್ಷರ ಯಾರದು?"

ಅವನು ನೋಡಿದ. ಮುಟ್ಟಲಿಲ್ಲ. "ನನ್ನದು. ದಿನಕ್ಕೆ ಇಂಥ ಚೀಟಿ ಇಪ್ಪತ್ತು ಬರೀತೀನಿ."

"ಇದರ ಮೇಲೆ ಜನವರಿ ಹನ್ನೊಂದು ಅಂತಿದೆ. ಒಳಗಿರೋದು ಸೆಪ್ಟೆಂಬರಿನದು."

"ಯಾರು ಹೇಳಿದ್ದು?"

"ಜೆಲ್ಲಿ."

"ಜೆಲ್ಲಿ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾ?"

"ಅದು ಹೇಳದಿದ್ರೆ ಇದು ಹೇಳುತ್ತೆ." ಅವಳು ಡೈರಿಯಿಂದ ಹಳೆಯ ಚೀಟಿ ತೆಗೆದು ಹೊಸದರ ಪಕ್ಕದಲ್ಲಿಟ್ಟಳು. "ಕೆಳಗೆ ಇದಿತ್ತು. ನೀವೇ ಬರೆದಿದ್ದು. ಅಂಟು ಚೆನ್ನಾಗಿ ಹಚ್ಚಿದ್ರಿ, ಆದ್ರೆ ಹಳೇದನ್ನ ಕೀಳೋ ತಾಳ್ಮೆ ಇರಲಿಲ್ಲ."

ಜುಂಬೆರ್ ಕೈಯಲ್ಲಿದ್ದ ಕುರ್ಚಿಯ ಕಾಲನ್ನು ಒಲೆಗೆ ಹಾಕಿದ. ಬೆಂಕಿ ಹಿಡಿಯುವವರೆಗೂ ಅದನ್ನೇ ನೋಡಿದ.

"ಎಂಬತ್ತೊಂಬತ್ತರಲ್ಲಿ ಇದೇ ಹಸಿರು ಕೀವಿನ ಕ್ರಿಮಿ ಇಲ್ಲಿಗೆ ಬಂದಿತ್ತು," ಎಂದ. "ಆರೋಗ್ಯ ಇಲಾಖೆಯವರು ಬಂದು ನಲವತ್ತು ದಿನ ಬಾಗಿಲಿಗೆ ಸೀಲ್ ಹಾಕಿದ್ರು. ಹದಿನಾರು ರೋಗಿಗಳನ್ನ ಬೇರೆ ಬೇರೆ ಆಸ್ಪತ್ರೆಗೆ ಹಂಚಿದ್ರು. ಹನ್ನೊಂದು ಜನ ಸತ್ತುಹೋದ್ರು. ಆಗ ಕರೆಂಟಿತ್ತು, ಔಷಧ ಇತ್ತು, ಬಿಸಿನೀರಿತ್ತು. ಈಗ?"

"ಅದಕ್ಕೆ?"

"ಅದಕ್ಕೆ ಏನು? ಈ ವಾರ್ಡಿನ ಕ್ರಿಮಿ ಅದೇ ಜಾತೀದು ಅಂತ ಲ್ಯಾಬಿನ ರಿಜಿಸ್ಟರಿಗೆ ಬಿದ್ದ ಮಾರನೇ ದಿನ ಸೀಲ್ ಬೀಳುತ್ತೆ. ಸುಟ್ಟವರ ಮೈಮೇಲೆ ಚರ್ಮ ಇರಲ್ಲ, ಕಲ್ಬತೋನೊ. ಅವರನ್ನ ಹಿಮ ಬಿದ್ದ ಕಾರಿಡಾರಿನಲ್ಲಿ ಮಲಗಿಸಿದ್ರೆ ಕ್ರಿಮಿ ಬೇಕಾಗಿಲ್ಲ, ಚಳಿಯೇ ಸಾಕು."

"ಅದಕ್ಕೆ ಹಳೇ ರೋಗಿಯ ಕ್ರಿಮಿ ಕಳಿಸಿದ್ರಿ."

"ಮುದುಕನ ಶೀಷೆಯಲ್ಲಿ ಹನ್ನೆರಡು ಥರದ ಫೇಜ್ ಬೆರೆಸಿರ್ತಾನೆ. ಒಂದಾದ್ರೂ ಹಿಡಿಯುತ್ತೆ ಅಂದುಕೊಂಡೆ."

"ಹಿಡೀಲಿಲ್ಲ."

"ಹಿಡೀಲಿಲ್ಲ." ಅವನು ಹಣೆ ಉಜ್ಜಿಕೊಂಡ. "ನಾಲ್ಕು ಥರದ ಆಂಟಿಬಯಾಟಿಕ್ ಹಾಕಿದೆ. ಜರ್ಮನಿಯಿಂದ ಬಂದಿದ್ದನ್ನೂ ಹಾಕಿದೆ. ಹಾಲು ಕುಡಿದ ಮಗು ಥರ ಬೆಳೀತು."

"ಮೊದಲನೆಯವನು ಸತ್ತಾಗಲಾದ್ರೂ ಬಾಯಿ ಬಿಡಬಹುದಿತ್ತು."

"ಬಿಡಬಹುದಿತ್ತು."

"ಬಿಡೋದಿರಲಿ, ಆ ಮುದುಕನ್ನ ನಾನು ಕೈಗೆ ಬೇಡಿ ಹಾಕಿ ಕರ್ಕೊಂಡು ಹೋಗುವಾಗ ಇದೇ ಬಾಗಿಲಲ್ಲಿ ನಿಂತು ನೋಡಿದ್ರಿ! ನಾಲ್ಕನೆಯವಳು ನನ್ನ ತಂಗಿ."

"ನನಗೆ ಗೊತ್ತಿಲ್ವಾ? ದಿನಾ ಅವಳ ಬೆನ್ನಿನ ಪಟ್ಟಿ ಬಿಚ್ಚೋನು ನಾನು! ದಿನಾ ಒಂದು ಜೋಕ್ ಹೇಳ್ತಾಳೆ. ನಾನು ದಿನಾ ನಗ್ತೀನಿ!" ದೊಡ್ಡ ಮೈಯ ಆ ಮನುಷ್ಯ ಮುರಿದ ಕುರ್ಚಿಯ ಪಕ್ಕ ನೆಲದ ಮೇಲೇ ಕುಳಿತುಬಿಟ್ಟ.

ಮಕ್ವಲಾಳಿಗೆ ಅವನನ್ನು ಹೊಡೆಯಬೇಕೆನಿಸಿತು. ಕೈ ಸೌದೆಯ ಕಡೆಗೆ ಹೋಗಿಯೂ ಇತ್ತು. ಆ ಕೈಯನ್ನು ಕೋಟಿನ ಜೇಬಿಗೆ ತುರುಕಿದಳು.

"ಅವಳಿಗೆ ಎಷ್ಟು ಹೊತ್ತಿದೆ?"

"ನಾಳೆ ಸಂಜೆವರೆಗೆ. ನಾಡಿದ್ದು ಬೆಳಿಗ್ಗೆ ಕಂಡ್ರೆ ಪುಣ್ಯ."

"ನಿಮ್ಮನ್ನ ಈಗ ಎಳ್ಕೊಂಡು ಹೋದ್ರೆ ಇವರಿಗೆಲ್ಲ ಪಟ್ಟಿ ಕಟ್ಟೋರು ಯಾರು?"

"ಯಾರೂ ಇಲ್ಲ."

"ಹಾಗಾದ್ರೆ ಕಟ್ತಾ ಇರಿ. ವಾರ್ಡಿನ ಬಾಗಿಲಲ್ಲಿ ಇಬ್ಬರು ಪೊಲೀಸರು ಕೂತಿರ್ತಾರೆ. ಮೆಟ್ಟಿಲಿಳಿದ್ರೆ ಕೋಳ ಬೀಳುತ್ತೆ."

ಪಟ್ಟಿ ತೊಳೆಯುವ ಕೋಣೆಯ ಮೂಲೆಯಲ್ಲಿ ಮೊಣಕಾಲೂರಿ, ಕಂದುಬಣ್ಣದ ನೀರನ್ನು ಸೌಟಿನಿಂದ ಮೊಗೆದು ಉಪ್ಪಿನಕಾಯಿ ಜಾಡಿಗೆ ತುಂಬಿಸಿಕೊಂಡಳು. ಅಲ್ಲಿಂದ ನೇರ ಲಾಕಪ್ಪಿಗೆ ಹೋದಳು.

ವರ್ಲಾಮ್ ಟೋಪಿ ಹಾಕಿಕೊಂಡೇ ಕಟ್ಟೆಯ ಮೇಲೆ ಕುಳಿತಿದ್ದ. ಎರಡು ದಿನಗಳಲ್ಲಿ ಹತ್ತು ವರ್ಷ ಹೆಚ್ಚಾದವನಂತೆ ಇಳಿದುಹೋಗಿದ್ದ.

"ನನ್ನದು ತಪ್ಪಾಯ್ತು, ಬತೋನೊ ವರ್ಲಾಮ್. ಕ್ಷಮಿಸಿ ಅಂತ ಯಾವ ಬಾಯಿಂದ..."

"ಆ ಜಾಡೀಲಿ ಏನು?" ಎಂದ ಮುದುಕ.

"ವಾರ್ಡಿನ ಚರಂಡಿ ನೀರು."

"ಮತ್ತೆ ಕ್ಷಮೆ ಕೇಳ್ತಾ ನಿಂತಿದ್ದೀಯಲ್ಲ, ಮಗಳೇ! ಅದನ್ನ ಕೋಟೊಳಗೆ ಇಟ್ಕೋ, ಹೆಪ್ಪುಗಟ್ಟುತ್ತೆ. ನಡಿ, ನಡಿ."

*

ಮಾರನೇ ದಿನ, ಗುರುವಾರ, ಮಧ್ಯಾಹ್ನ ಹನ್ನೆರಡಕ್ಕೆ ವರ್ಲಾಮ್ ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಕಟ್ಟಿಕೊಂಡಿದ್ದ ತಟ್ಟೆಯನ್ನು ಹೊರತೆಗೆದ. ಚರಂಡಿ ನೀರನ್ನು ಮೂರು ಸಲ ಸೋಸಿ, ಲಮಾರಾಳ ಕ್ರಿಮಿಯ ಮೇಲೆ ಹನಿಸಿದ್ದ ತಟ್ಟೆ ಅದು. ಮುದುಕ ರಾತ್ರಿಯಿಡೀ ಅಲುಗಾಡದೆ ಕುಳಿತೇ ಇದ್ದ.

"ನನ್ನ ಕಣ್ಣಿಗೆ ಕಾಣಲ್ಲ. ನೀನೇ ನೋಡು."

ಮಕ್ವಲಾ ನೋಡಿದಳು. ಮಬ್ಬು ಪದರದ ನಡುವೆ ತೂತು. ಅದರ ಪಕ್ಕ ಇನ್ನೊಂದು. ಎಣಿಸಲು ಹೋಗಿ ಬಿಟ್ಟಳು. ಮೂವತ್ತು, ನಲವತ್ತು, ಇನ್ನೂ ಹೆಚ್ಚು.

"ಇದೆ!" ಎಂದು ಕೂಗಿದಳು. "ಬತೋನೊ ವರ್ಲಾಮ್, ಇದೆ! ತಟ್ಟೆ ಜರಡಿ ಆಗಿಬಿಟ್ಟಿದೆ!"

ಪಕ್ಕದ ಕೋಣೆಯಲ್ಲಿ ಒಲೆ ಉರಿಸುತ್ತಿದ್ದ ನಾನುಲಿ ಓಡಿಬಂದಳು. ಮಕ್ವಲಾ ಅವಳನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತಿಟ್ಟಳು. ಹದಿನೇಳು ದಿನಗಳಲ್ಲಿ ಒಮ್ಮೆಯೂ ಅಳದವಳು ಈಗ ಅತ್ತಳು. "ಚರಂಡಿ ಅಂತ ಹೇಳಿದ್ದು ನೀನು. ನಿನ್ನ ಋಣ ನನ್ನ ಮೇಲಿದೆ."

"ಹಾಗೆಲ್ಲ ಅನ್ಬೇಡಿ," ಎಂದಳು ನಾನುಲಿ. ಅವಳ ತೋಳು ಬಿಗಿಯಾಗಿಯೇ ಇತ್ತು.

ಮುದುಕ ಮಾತ್ರ ನಗಲಿಲ್ಲ. ಭೂತಗನ್ನಡಿ ಹಿಡಿದು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ್ದ.

"ತೂತಿನ ಸುತ್ತ ಏನಾದ್ರೂ ಕಾಣುತ್ತಾ, ಮಗಳೇ? ಚಂದ್ರನ ಸುತ್ತ ಬಳೆ ಕಟ್ಟುತ್ತಲ್ಲ, ಹಾಗೆ?"

"ಹೌದು. ಪ್ರತಿಯೊಂದಕ್ಕೂ ಇದೆ."

"ಎರಡು ಬಳೆಯಾ?"

"ಎರಡು. ಒಳಗೊಂದು, ಹೊರಗೊಂದು."

ವರ್ಲಾಮ್ ಭೂತಗನ್ನಡಿ ಕೆಳಗಿಟ್ಟ. "ಇದು ಚರಂಡೀಲಿ ಹುಟ್ಟಿದ್ದಲ್ಲ. ಇದು ನನ್ನ ನಲವತ್ತೊಂದನೇ ನಂಬರು. ಅರುವತ್ತೊಂದನೇ ಇಸವೀಲಿ ಮ್ತ್ಕ್ವಾರಿ ನದಿ ನೀರಿಂದ ನಾನೇ ಹಿಡಿದಿದ್ದು. ಸತ್ತ ಹೆಂಡತಿ ಮುಖ ಮರೆತೇನು, ಇದನ್ನ ಮರೆಯಲ್ಲ."

"ಆದ್ರೇನಂತೆ? ಕೆಲಸ ಮಾಡುತ್ತಲ್ಲ."

"ಮಾಡುತ್ತೆ. ಆದ್ರೆ ಇದನ್ನ ನಾನು ಯಾವ ವಾರ್ಡಿಗೂ ಕೊಟ್ಟಿಲ್ಲ. ಕೊನೇ ಆರು ಶೀಷೆ ಇತ್ತು. ಈ ಚಳಿಗಾಲದ ಹಿಮಕ್ಕೆ ಒಡೆದುಹೋಯ್ತು ಅಂತ ರಿಜಿಸ್ಟರಲ್ಲಿದೆ." ಮುದುಕ ಮಬ್ಬು ಕಣ್ಣುಗಳನ್ನು ಅವಳ ಕಡೆಗೆತ್ತಿದ. "ಶೀಷೆಗೆ ಕಾಲಿಲ್ಲ. ಯಾರೋ ಅದನ್ನ ವಾರ್ಡಿಗೆ ಒಯ್ದು, ಯಾರದೋ ಗಾಯಕ್ಕೆ ಹಾಕ್ತಿದ್ದಾರೆ. ಆ ಪಟ್ಟಿ ತೊಳೆದ ನೀರೇ ಈ ಚರಂಡೀದು."

ಎರಡನೇ ಮಂಚದಲ್ಲಿ ಚಹಾ ಕುಡಿಯುತ್ತಿದ್ದ ಆ ಗಂಡಸು ಮಕ್ವಲಾಳ ಕಣ್ಣಮುಂದೆ ಬಂದ. ಎಲ್ಲರಿಗಿಂತ ಮುಂಚೆ ಹಸಿರಾದವನು. ಒಬ್ಬನೇ ವಾಸಿಯಾಗುತ್ತಿರುವವನು.

"ಗುರುಗಳೇ, ನೀವು ಮಲಗಿ," ಎಂದಳು ನಾನುಲಿ. ಅವಳ ಕೈ ಆಗಲೇ ತಟ್ಟೆಯ ಮೇಲಿತ್ತು. "ಇಲ್ಲಿಂದ ಮುಂದಿನ ಕೆಲಸ ನಾನು ನೋಡ್ಕೊಳ್ತೀನಿ. ಸಂಜೆ ಆರಕ್ಕೆ ಒಂದು ಶೀಷೆಯಷ್ಟು ಬೆಳೆಸಿ ಸೋಸಿ ಇಟ್ಟಿರ್ತೀನಿ."

"ಆರಕ್ಕೆ ನಾನಿಲ್ಲಿರ್ತೀನಿ," ಎಂದು ಮಕ್ವಲಾ ಮೆಟ್ಟಿಲಿಳಿದಳು.

*

ವಾರ್ಡಿನ ಬಾಗಿಲಲ್ಲಿ ಪೊಲೀಸ್ ಪೇದೆ ಅಂಜೋರ್ ಎದ್ದು ಸೆಲ್ಯೂಟ್ ಹೊಡೆದ. ಜೊತೆಯವನು ಬ್ರೆಡ್ಡಿನ ಸಾಲಿಗೆ ಹೋಗಿದ್ದ.

ಒಳಗೆ ನರ್ಸ್ ಗುಲ್ನಾಜಿ ಲಮಾರಾಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಇವತ್ತು ಲಮಾರಾ ಜೋಕ್ ಹೇಳಲಿಲ್ಲ. ಅಕ್ಕನನ್ನು ಗುರುತಿಸಲೂ ಇಲ್ಲ. ಯಾವುದೋ ತರಗತಿಗೆ ನದಿಗಳ ಹೆಸರು ಹೇಳಿಕೊಡುತ್ತಿದ್ದಳು. ರಿಯೋನಿ, ಎಂಗುರಿ, ಅಲಜಾನಿ.

"ನಲವತ್ತೂವರೆ ಜ್ವರ," ಎಂದಳು ಗುಲ್ನಾಜಿ.

"ಆ ಎರಡನೇ ಮಂಚದವನಿಗೆ ಪಟ್ಟಿ ಯಾರು ಕಟ್ಟೋದು?"

"ಬೆಳಿಗ್ಗೆ ಡಾಕ್ಟರು. ಸಂಜೇದು ಅವನ ಹೆಂಡತಿನೇ ಬಂದು ಕಟ್ತಾಳೆ. ಪಾಪ, ನಮ್ಮ ಕೈ ತಾಗಿಸಲ್ಲ. ಪಟ್ಟೀನೂ ತಾನೇ ತೊಳ್ಕೊಳ್ತಾಳೆ. ನಿನ್ನೆ ಮಾತ್ರ ಬಾಗಿಲಲ್ಲಿ ನಿಮ್ಮ ಪೊಲೀಸರನ್ನ ನೋಡಿ ಮೆಟ್ಟಿಲಿಂದಲೇ ಹಿಂದಕ್ಕೆ ಹೋದಳು."

"ಯಾರವಳು?"

"ನಿಮಗೆ ಗೊತ್ತಿಲ್ವಾ? ಸೀರಮ್ ಲ್ಯಾಬಿಂದ ಫೇಜ್ ಡಬ್ಬ ತರ್ತಾಳಲ್ಲ, ಅವಳೇ. ನಾನುಲಿ."

ಆ ತಟ್ಟೆ. ಅದೊಂದೇ ತಟ್ಟೆ. ಮಕ್ವಲಾ ತಾನೇ ಅದನ್ನು ಅವಳ ಕೈಗೆ ಬಿಟ್ಟುಬಂದಿದ್ದಳು.

ಎರಡನೇ ಮಂಚದ ಹತ್ತಿರ ಹೋದಳು. ಪಟ್ಟಿಯೊಳಗಿನ ಎರಡು ಕಣ್ಣು ಅವಳನ್ನೇ ಕಾಯುತ್ತಿದ್ದವು. ಎಡಗಡೆ ಪಟ್ಟಿ ಸರಿದು ಕಿವಿ ಕಾಣುತ್ತಿತ್ತು. ಕಿವಿಯ ಮೇಲಿನ ಅರ್ಧ ಇರಲಿಲ್ಲ. ಅದು ಸುಟ್ಟು ಹೋದದ್ದಲ್ಲ, ಹಳೆಯ ಗಾಯ.

ಆ ಕಿವಿ ಅವಳ ಕಚೇರಿಯ ಗೋಡೆಯ ಮೇಲೆ, ತಲೆಮರೆಸಿಕೊಂಡವರ ಫೋಟೊಗಳ ನಡುವೆ, ಹದಿನಾಲ್ಕು ತಿಂಗಳಿಂದ ಇತ್ತು. ತೆಂಗಿಜ್. ಅಂತರ್ಯುದ್ಧದಲ್ಲಿ ಬೀದಿಯಲ್ಲೇ ಗುಂಡು ಹಾರುತ್ತಿದ್ದ ದಿನಗಳಲ್ಲಿ ಸೋತ ಕಡೆ ಇದ್ದವನು. ಓಡುವಾಗ ಸೇತುವೆಯ ಮೇಲೆ ವಾಜಾ ಎಂಬ ಪೊಲೀಸನನ್ನು ಕೊಂದು ಮಾಯವಾದವನು. ವಾಜಾನ ತಾಯಿಗೆ ಸುದ್ದಿ ಮುಟ್ಟಿಸಿದ್ದು ಮಕ್ವಲಾಳೇ.

"ಪೊಲೀಸರು ಕೂತಿರೋದು ಡಾಕ್ಟರಿಗೆ ಅಂತ ನನಗೆ ಗೊತ್ತಾಯ್ತು," ಎಂದ ತೆಂಗಿಜ್ ತಗ್ಗಿದ ದನಿಯಲ್ಲಿ. "ಅವಳಿಗೆ ಗೊತ್ತಿಲ್ಲ. ನನಗೇ ಅಂದುಕೊಂಡಿರ್ತಾಳೆ. ಏನಾದ್ರೂ ಮಾಡಿಬಿಡ್ತಾಳೆ, ಬೇಗ ಹೋಗಿ."

ಡಾಕ್ಟರ ಕೋಣೆಯ ಫೋನಿಗೆ ಜೀವವಿತ್ತು. ಲ್ಯಾಬಿನಲ್ಲಿ ಮೊದಲ ಗಂಟೆಗೇ ಎತ್ತಿದರು.

"ನಾನುಲಿ, ನಾನು ಮಕ್ವಲಾ."

"ಗುರುಗಳು ಮಲಗಿದ್ದಾರೆ," ಎಂದಳು ನಾನುಲಿ. "ಹೊರಗಿಂದ ಚಿಲಕ ಹಾಕಿದ್ದೀನಿ. ಅವರಿಗೆ ಏನೂ ಮಾಡಿಲ್ಲ."

"ತಟ್ಟೆ?"

"ಕೈಲಿದೆ. ಒಲೆ ಮುಂದೆ ನಿಂತಿದ್ದೀನಿ. ನಿಮಗೆ ಗೊತ್ತಲ್ಲ, ಬಿಸಿ ತಾಗಿದ್ರೆ ಅದು ಬದುಕಲ್ಲ."

"ನಾನುಲಿ, ಲಮಾರಾಗೆ ನಲವತ್ತೂವರೆ ಜ್ವರ."

"ಹೇಳ್ಬೇಡಿ!" ಅವಳು ಅಳುತ್ತಿದ್ದಳು. "ನನ್ನ ತಾಯಾಣೆ, ನಿನ್ನೆ ಬೆಳಿಗ್ಗೆವರೆಗೂ ನನಗೆ ಗೊತ್ತಿರಲಿಲ್ಲ. ಅವರಿಗೆಲ್ಲ ಗುರುಗಳ ಫೇಜ್ ಹೋಗ್ತಿದೆ, ಸರಿಯಾದ್ದೇ ಹೋಗ್ತಿದೆ ಅಂದುಕೊಂಡಿದ್ದೆ. ಅದು ನಾಟದೆ ಇದ್ದದ್ದು ತೆಂಗಿಜ್‌ಗೆ ಮಾತ್ರ. ಅವನ ಗಾಯದ ಕ್ರಿಮಿಗೆ ಇಡೀ ಕಪಾಟು ಹಚ್ಚಿ ನೋಡಿ ಆ ಆರು ಶೀಷೆ ಕದ್ದೆ, ಒಡೆದವು ಅಂತ ರಿಜಿಸ್ಟರಲ್ಲಿ ಬರೆದೆ. ಬಾಯಿಬಿಟ್ರೆ ನೀವು ಅವನ ಮುಖ ಬಿಚ್ಚಿ ನೋಡ್ತಿದ್ರಿ. ಗೊತ್ತಾದ ಕೂಡಲೇ ಚರಂಡಿ ಅಂತ ಹೇಳಿಕೊಟ್ಟೆನಲ್ಲ! ಅವನೂ ಉಳೀಲಿ, ನಿಮ್ಮ ತಂಗಿನೂ ಉಳೀಲಿ ಅಂತ ಹೇಳಿಕೊಟ್ಟೆನಲ್ಲ!"

"ಹೇಳಿಕೊಟ್ಟೆ. ಅದನ್ನ ಮರೆತಿಲ್ಲ. ಈಗ ಏನು ಬೇಕು ಹೇಳು."

"ಅವನನ್ನ ಬಿಡಿ. ಗಡಿ ದಾಟಲಿ. ದಾಟಿದೆ ಅಂತ ಅವನೇ ನನಗೆ ಹೇಳಲಿ."

"ಅಷ್ಟರಲ್ಲಿ ಅವಳು ಸಾಯ್ತಾಳೆ."

"ನನ್ನ ಹತ್ತಿರ ಬೇರೇನೂ ಇಲ್ಲ, ಕಲ್ಬತೋನೊ!"

ಮಕ್ವಲಾಳ ಭುಜದ ಮೇಲಿಂದ ಒಂದು ಕೈ ಚಾಚಿತು. ತೆಂಗಿಜ್ ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ಬಂದು ನಿಂತಿದ್ದ. ಅವಳು ಒಂದು ಕ್ಷಣ ಅವನ ಕಣ್ಣು ನೋಡಿ ಫೋನ್ ಕೊಟ್ಟಳು.

"ನಾನುಲಿ, ನಾನು ಕಣೇ. ಅದನ್ನ ಕೆಳಗಿಡು. ಆ ಟೀಚರಮ್ಮ ರಾತ್ರಿಯೆಲ್ಲ ನದಿ ಹೆಸರು ಹೇಳ್ತಿದ್ದಾಳೆ. ನನಗೆ ಕೇಳೋಕಾಗ್ತಿಲ್ಲ. ನಾನು ಎಲ್ಲಿಗೂ ಹೋಗಲ್ಲ. ಕೊಟ್ಟುಬಿಡು."

ಆ ಕಡೆಯ ಮಾತು ಮಕ್ವಲಾಳಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಹಣೆಗೆ ಪಿಸ್ತೂಲು ಇಟ್ಟು ಹೇಳಿಸ್ತಿದ್ದಾರೆ. ನಂಬಲ್ಲ ನಾನು. ನೀನೇ ಬಾ. ನಿನ್ನ ಕಾಲ ಮೇಲೆ ನೀನೇ ನಡ್ಕೊಂಡು ಬಂದು ನನ್ನೆದುರು ನಿಂತು ಹೇಳು. ಆಗ ಕೊಡ್ತೀನಿ. ಬೇರೆ ಯಾರು ಬಾಗಿಲು ತಟ್ಟಿದ್ರೂ ಒಲೆಗೆ ಹಾಕ್ತೀನಿ."

ಫೋನ್ ಇಟ್ಟ ಸದ್ದಾಯಿತು.

"ನಡೆಯೋಕಾಗುತ್ತಾ?" ಎಂದು ಕೇಳಿದಳು ಮಕ್ವಲಾ.

"ಸೇತುವೆವರೆಗೆ ಆಗುತ್ತೆ. ಆಮೇಲೆ ನೀವು ಎಳ್ಕೊಂಡು ಹೋಗಿ."

ಬಾಗಿಲಲ್ಲಿ ಇಷ್ಟೂ ಹೊತ್ತು ನಿಂತಿದ್ದ ಜುಂಬೆರ್ ತನ್ನ ಉಣ್ಣೆಕೋಟು ಬಿಚ್ಚಿ ತೆಂಗಿಜ್‌ನ ಹೆಗಲಿಗೆ ಹೊದಿಸಿದ. ತನ್ನ ಬೂಟನ್ನೂ ಬಿಚ್ಚಿ ಅವನ ಕಾಲಿನ ಮುಂದಿಟ್ಟ.

ಇಬ್ಬರೂ ವಾರ್ಡು ದಾಟಿದರು. ಮಕ್ವಲಾ ಲಮಾರಾಳ ಮಂಚದ ಕಡೆ ತಿರುಗಿ ನೋಡಲಿಲ್ಲ, ನೋಡಿದ್ದರೆ ನಿಂತುಬಿಡುತ್ತಿದ್ದಳು. ಅವಳೇ ಮುಂದಾಗಿ ಹೊರಬಾಗಿಲು ತೆಗೆದಳು.

"ಅಂಜೋರ್, ಇವರು ನನ್ನ ಜೊತೆ ಬರ್ತಿದ್ದಾರೆ. ದಾರಿ ಬಿಡು."

ಅಂಜೋರ್ ಪಕ್ಕಕ್ಕೆ ಸರಿಯಲು ಹೋದವನು ಅರ್ಧಕ್ಕೆ ನಿಂತ. ಐದು ವರ್ಷ ವಾಜಾನ ಜೊತೆ ಒಂದೇ ಜೀಪಿನಲ್ಲಿ ಓಡಾಡಿದವನು ಅವನು. ಸೇತುವೆಯಿಂದ ಹೆಣ ಹೊತ್ತು ತಂದವನೂ ಅವನೇ. ಅವನ ಕಣ್ಣು ಪಟ್ಟಿಯಿಂದ ಹೊರಗಿಣುಕುತ್ತಿದ್ದ ಆ ಅರ್ಧ ಕಿವಿಯ ಮೇಲೆ ನೆಟ್ಟಿತು.

"ದಾರಿ ಬಿಡು ಅಂದೆ, ಅಂಜೋರ್."

"ಮೇಡಂ," ಎಂದ ಅಂಜೋರ್ ಮೆಲ್ಲಗೆ, ಪಿಸ್ತೂಲು ಹೊರತೆಗೆಯುತ್ತ. "ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ."